ನಾಲ್ಕನೆಯ ರಾಶಿ

ಪ್ರಾತೊ ಊರಿನಲ್ಲಿ ನಾವು ಬಣ್ಣ ಹಾಕುವುದಿಲ್ಲ,
ಬಣ್ಣ ಆರಿಸುತ್ತೇವೆ.
ಹಳೇ ಸ್ವೆಟರಿನ ಇಟ್ಟಿಗೆಗೆಂಪು,
ತೀರಿಕೊಂಡ ಪಾದ್ರಿಯೊಬ್ಬನ ಕೋಟಿನ ಕಪ್ಪು,
ಯಾವುದೋ ಶಾಲೆಯ, ಯಾರದೋ ಲಂಗದ ನೀಲಿ,
ಮೂರನ್ನೂ ಕೂಡಿಸಿ ಹಿಂಜಿದರೆ ಬರುವುದು
ಮಳೆ ನಿಂತ ಮಾರನೆಯ ದಿನ ಬಿಸೆಂಜೊ ಹೊಳೆಗಿರುವ ಬಣ್ಣ.
ಅದಕ್ಕೆ ಹೆಸರಿಲ್ಲ. ನಂಬರಿದೆ: ೪೧೭.

ಫೋಸ್ಕೊ ನನ್ನೆದುರು ಕೂರುತ್ತಾನೆ. ಅರವತ್ತೊಂಬತ್ತು.
ಮೂಟೆ ಬಿಚ್ಚಿದರೆ ಮೊದಲು ಮೂಗು, ಆಮೇಲೆ ಬೆರಳು,
ಚೀಟಿ ಓದುವುದು ಕಡೆಗೆ, ನಗಲಿಕ್ಕೆ.
ಅರಿವೆಯ ಅರಿವೆಲ್ಲ ಅವನ ಹೆಬ್ಬೆರಳಿನ ತುದಿಯಲ್ಲಿ.
‘ನೂರಕ್ಕೆ ನೂರು ಉಣ್ಣೆ’ ಎಂದು ಬರೆದದ್ದನ್ನು ಹೊಸಕಿ
‘ಇಪ್ಪತ್ತು ನೈಲಾನು’ ಅನ್ನುತ್ತಾನೆ,
ಹಾಲಿಗೆ ನೀರು ಬೆರೆಸಿದವರನ್ನು ಬಾಗಿಲಲ್ಲೇ ಹಿಡಿದ ಹಾಗೆ.
ನಂಬದಿದ್ದರೆ ಒಂದೆಳೆ ಕಿತ್ತು ಕಡ್ಡಿ ಗೀರು:
ಕೂದಲು ಸುಟ್ಟ ನಾತ ಬಂದರೆ ಕುರಿ,
ಕರಗಿ ಮಣಿಯಾದರೆ ಎಣ್ಣೆಬಾವಿ.

ನಾಲ್ಕು ರಾಶಿ.
ಇನ್ನೂ ತೊಡಬಹುದಾದದ್ದು ಒಂದು, ಅದು ಹಡಗು ಹತ್ತುತ್ತದೆ.
ಬರೀ ಉಣ್ಣೆ ಎರಡು.
ಬೆರಕೆ ಮೂರು, ಆಮ್ಲದ ಹಬೆಯಲ್ಲಿ ಹತ್ತಿ ಪುಡಿಯಾಗಿ
ಉಣ್ಣೆ ಮಾತ್ರ ಹೊರಗೆ ಬರುತ್ತದೆ.
ನಾಲ್ಕನೆಯದರ ಬಗ್ಗೆ ಅವನು ಮಾತಾಡುವುದಿಲ್ಲ.
ಬೆನ್ನ ಹಿಂದೆ ಎಸೆಯುತ್ತಾನೆ, ತಿರುಗಿ ನೋಡದೆ.

ಗುಂಡಿ, ಜಿಪ್ಪು, ಅಸ್ತರಿ ಕತ್ತರಿಸುವುದು ನನ್ನ ಪಾಲು.
ಜೇಬು ತಡಕುವುದು ಕೂಡ.
ಬೇರೆ ದೇಶದ ಟ್ರಾಮ್ ಟಿಕೆಟ್ಟು, ಒಂದು ಓಕ್ ಕಾಯಿ,
ಹತ್ತಿಯಲ್ಲಿ ಸುತ್ತಿಟ್ಟ ಮಗುವಿನ ಹಾಲುಹಲ್ಲು.
ಹಲ್ಲು ಯಾವ ರಾಶಿಗೆಂದು ಯಾರೂ ಹೇಳಿಕೊಟ್ಟಿಲ್ಲ.
ನನ್ನ ಡ್ರಾಯರಿನಲ್ಲೇ ಇದೆ.

‘ಉಣ್ಣೆ ಎಷ್ಟು ಸಲ ಹುಟ್ಟುತ್ತದೆ?’ ಕೇಳಿದ್ದೆ ಮೊದಲ ವಾರ.
‘ಪ್ರತಿ ಸಲವೂ ಎಳೆ ಗಿಡ್ಡ ಆಗ್ತದೆ, ಲಿನ್‌ಫೆನ್,
ಮುದುಕರ ನೆನಪಿನ ಹಾಗೆ.
ಹೊಸ ಉಣ್ಣೆ ಒಂದಿಷ್ಟು ಕೈ ಹಿಡಿದರೆ
ಇನ್ನೊಂದು ಸುತ್ತು ನಡೀತದೆ.’
ಈಗ ಸೂಟಿನವರು ಬಂದು ‘ಚಕ್ರ’ ಎಂದು ಫಲಕ ತೂಗುಹಾಕಿದ್ದಾರೆ.
ಅವನ ಅಜ್ಜ ಇದನ್ನು ಬಡತನ ಅನ್ನುತ್ತಿದ್ದನಂತೆ.

ಮಂಗಳವಾರದ ಮೂಟೆಯಲ್ಲಿ ಗಿಳಿಹಸಿರು ಟಾಪುಗಳು,
ನಲವತ್ತು. ಬೆಲೆಚೀಟಿ ನೇತಾಡುತ್ತಲೇ ಇತ್ತು,
ಯಾರ ಮೈಯನ್ನೂ ಮುಟ್ಟದೆ ಮರಳಿದವು.
ಸುಮ್ಮನೆ ತೋಳು ಮಗುಚಿ ನೋಡಿದೆ.
ಹೊಲಿಗೆಯ ತುದಿಯಲ್ಲಿ ಎಲ್ಲರೂ ಎರಡು ಸಲ ಹಿಂದೆ ಬರುತ್ತಾರೆ.
ಇಲ್ಲಿ ಮೂರು.

ಮೂರು ಹಾಕುವವಳು ನನಗೆ ಗೊತ್ತಿರುವಂತೆ ಒಬ್ಬಳೇ.
ವೆನ್‌ಝೋದಿಂದ ಬಂದು, ಪಿಸ್ತೊಯೆಸೆ ರಸ್ತೆಯ ಶೆಡ್ಡಿನಲ್ಲಿ
ಹದಿನಾಲ್ಕು ವರ್ಷ ರಾತ್ರಿಗೆ ಹಗಲನ್ನು ಕೂಡಿಸಿ ಹೊಲಿದವಳು.
‘ಬಿಚ್ಚಿಕೊಳ್ಳಬಾರದು’ ಎಂದು ಒಂದು ಹೆಚ್ಚಿಗೆ,
ಆ ಒಂದಕ್ಕೆ ಕೂಲಿಯಿಲ್ಲ.
ಮೇಜಿನ ಕೆಳಗೆ, ತುಂಡುಬಟ್ಟೆಯ ಮೆತ್ತೆಯಲ್ಲಿ
ನಾನು ಆ ಸದ್ದಿಗೇ ನಿದ್ದೆ ಹೋಗುತ್ತಿದ್ದೆ:
ಟಕಟಕ. ಟಕ.

ನೂಲಿನಂತೆ ಬಟ್ಟೆಯಂತೆ, ತಾಯಿಯಂತೆ ಮಗಳಂತೆ.
ಮಗಳು ಎಳೆ ಕಿತ್ತು ಕಡ್ಡಿ ಗೀರಿದಳು.
ಗೊತ್ತಿದ್ದೂ ಗೀರಿದಳು.
ಮಣಿ.
ಕಪ್ಪಗೆ, ಕಲ್ಲಿನಷ್ಟು ಗಟ್ಟಿ.

ಫೋಸ್ಕೊ ಅಂಗಿಯನ್ನು ನನ್ನ ಕೈಯಿಂದ ತೆಗೆದುಕೊಂಡ.
ಬಟ್ಟೆಯ ಮೇಲಲ್ಲ, ಹೊಲಿಗೆಯ ಮೇಲೆ ಬೆರಳಾಡಿಸಿ
‘ಒಳ್ಳೆ ಕೈ’ ಅಂದ.
ಮತ್ತೆ ಎಸೆದ, ನಾಲ್ಕಕ್ಕೆ,
ಈ ಸಲ ತಿರುಗಿ, ಬಿದ್ದ ಜಾಗ ನೋಡಿ.

ರಾತ್ರಿ ಅಮ್ಮ ಅನ್ನ ಬಡಿಸುತ್ತ ‘ಇವತ್ತೇನು ಬಂತು?’ ಅಂದಳು.
‘ಉಣ್ಣೆ’ ಅಂದೆ.
ಅವಳು ನನ್ನ ತೋಳನ್ನು ಹತ್ತಿರಕ್ಕೆಳೆದು ಮೂಸಿದಳು.
‘ಇದು ಉಣ್ಣೆ ಸುಟ್ಟ ವಾಸನೆಯಲ್ಲ,’ ಅಂದು
ಇನ್ನೊಂದು ಸೌಟು ಹಾಕಿದಳು.