ಮೂತಿಯ ಭಾರ

ಹೂಮಳೆ ಬಿದ್ದು ಒಂಬತ್ತು ದಿನ.
ಸಿದ್ದಾಪುರಕ್ಕೆಲ್ಲ ಕಾಫಿ ಹೂವಿನ ವಾಸನೆ,
ಹಂಸಾಕನ ಶೆಡ್ಡಿನೊಳಗೆ ಮಾತ್ರ
ಸುಟ್ಟ ಕಬ್ಬಿಣದ್ದು.

ಹಿಂಭಾಗ ಜಾಕಿನ ಮೇಲೆತ್ತಿಸಿಕೊಂಡು ನಿಂತಿದೆ ನನ್ನ ಪಿಕಪ್ಪು:
ಹನ್ನೊಂದು ವರ್ಷ ಶುಂಠಿ, ಹಂದಿಮರಿ, ಮದುವೆ ಮನೆಯ ಶಾಮಿಯಾನ,
ಒಮ್ಮೆ, ನಡುರಾತ್ರಿ, ನೋವೆದ್ದ ಲೀಲಕ್ಕ.
ಹೊರುವುದು ಗೊತ್ತು ಅದಕ್ಕೆ.
ಎಳೆಯೋದು ಬೇರೆ ವಿದ್ಯೆ, ಅಂದ ಹಂಸಾಕ.
ಹೊತ್ತದ್ದು ಬೆನ್ನ ಮೇಲಿರುತ್ತೆ, ಹೇಳಿದ ಹಾಗೆ ಕೇಳುತ್ತೆ;
ಎಳೆದದ್ದಕ್ಕೆ ಅದರದ್ದೇ ಒಂದು ಬುದ್ಧಿ.

ದೋಣಿ ಮಾಕುಟ್ಟ ಘಾಟಿ ಹತ್ತಿ ಬಂದದ್ದು, ಲಾರಿಯ ಮೇಲೆ,
ಕಣ್ಣೂರಿನ ಕಡಲಲ್ಲಿ ದುಡಿದು ಸವೆದ ಫೈಬರು.
ಮಗ್ಗುಲಲ್ಲಿ ಮಲಯಾಳದ ಹೆಸರು, ಅರ್ಧ ಅಳಿಸಿದೆ;
ಉಳಿದರ್ಧ ಓದಿಕೊಂಡು ಹಂಸಾಕ ನಕ್ಕ, ಏನೆಂದು ಹೇಳಲಿಲ್ಲ.
ಕರಡಿಗೋಡಿನ ಮೂವತ್ತೆಂಟು ಮನೆ ದುಡ್ಡು ಹಾಕಿ ಕೊಂಡದ್ದು.
ಹೊಳೆ ಒಳಗೆ ಬಂದ ಆ ರಾತ್ರಿ
ದೋಣಿ ಇಲ್ಲದೆ ಇರಲಿಲ್ಲ, ಎಲ್ಲೋ ಇತ್ತು,
ತರುವ ಗಾಡಿ ಹುಡುಕುವಷ್ಟರಲ್ಲಿ
ನಾವು ಮಾಡಿನ ಮೇಲೆ ಕೂತು ಬೆಳಗು ಮಾಡಿದ್ದೆವು.

ಬಂಪರಿಗೇ ಬೆಸೆದುಬಿಡು, ಬೇಗ ಆಗುತ್ತೆ, ಅಂದೆ.
ಬಂಪರು ಗಾಡಿಯ ಮೀಸೆ ಕಣೋ,
ಮೀಸೆಗೆ ಹಗ್ಗ ಕಟ್ಟಿ ಯಾರಾದರೂ ದೋಣಿ ಎಳೀತಾರಾ?
ಚಾಸಿಗೆ ತೂತು ಕೊರೆದ, ಎಂಟು ಬೋಲ್ಟು,
ಮೇಲೊಂದು ಉಕ್ಕಿನ ಚೆಂಡು, ನಿಂಬೆಗಿಂತ ತುಸು ದೊಡ್ಡದು.
ಇಡೀ ದೋಣಿ ನಿಲ್ಲುವುದು ಇದರ ಮೇಲೆಯೇ?
ಇದರ ಮೇಲೆಯೇ.
ಎರಡು ಸರಪಳಿ ಅಡಿಯಲ್ಲಿ ಕತ್ತರಿ ಹಾಕಿ ಬಿಗಿದ:
ಕೊಂಡಿ ಕಳಚಿದರೂ ಮೂತಿ ನೆಲ ಮುಟ್ಟದೆ
ತೊಟ್ಟಿಲಿಗೆ ಬೀಳಬೇಕು.

ಆಮೇಲೆ ದೇಚವ್ವನ ಕಣದಿಂದ ಕಾಫಿ ತೂಗುವ ತಕ್ಕಡಿ ಬಂತು.
ಟ್ರೇಲರಿನ ಮೂತಿಯನ್ನು ಅದರ ಮೇಲಿಟ್ಟೆವು.
ರೊಬಸ್ಟಾವೋ ಅರೇಬಿಕಾವೋ, ನಗದೆ ಕೇಳಿದರು ದೇಚವ್ವ.
ಹದಿನೆಂಟು ಕೆಜಿ.
ಸಾಲದು, ಅಂದ ಹಂಸಾಕ, ನೂರಕ್ಕೆ ಹತ್ತಾದರೂ ಬೇಕು,
ಮೂತಿ ಹಗುರಾದವನನ್ನು ಕಟ್ಟಿಕೊಂಡು ಇಳಿಜಾರಿಗೆ ಹೋಗಬಾರದು,
ಬಾಲ ಆಡಿಸಿ ಆಡಿಸಿ ನಿನ್ನನ್ನೇ ಹಳ್ಳಕ್ಕೆ ತಳ್ಳುತ್ತಾನೆ.
ದೋಣಿಯನ್ನು ಒಂದು ಗೇಣು ಮುಂದೆ ಜರುಗಿಸಿದೆವು, ಇನ್ನೊಂದು ಗೇಣು.
ನಲವತ್ತೊಂದು.
ದೇಚವ್ವ ಅಭ್ಯಾಸಬಲದಿಂದ ಚೀಟಿಯಲ್ಲಿ ಬರೆದುಕೊಂಡರು.

ವೈರಿನದು ಮಧ್ಯಾಹ್ನವಿಡೀ ತಿಂತು.
ಎಡ ಹಾಕಿದರೆ ಬಲ ಮಿಟುಕಿತು,
ಬ್ರೇಕು ತುಳಿದರೆ ಎರಡೂ.

ಸಂಜೆ ಹೊಳೆಗೆ.
ಹಿಂದಕ್ಕೆ ಬಿಡುವುದೆಂದರೆ ಏನೆಂದು ಆಗ ಗೊತ್ತಾಯಿತು:
ನಾನು ಬಲಕ್ಕೆ ತಿರುಗಿಸಿದರೆ ಅದು ಎಡಕ್ಕೆ,
ಸ್ನಾನ ಬೇಡವೆಂದು ಅಡ್ಡ ನಿಂತ ದುಬಾರೆಯ ಮರಿಯಾನೆ.
ಟ್ರಾಕ್ಟರಿನ ಮುತ್ತ ಬೀಡಿ ಎಸೆದು ಕಿಟಕಿಗೆ ಬಂದ.
ಸ್ಟೇರಿಂಗಿನ ತಳ ಹಿಡಿ. ದೋಣಿ ಎತ್ತ ಹೋಗಬೇಕೋ ಕೈ ಅತ್ತ.
ತಲೆ ಓಡಿಸಬೇಡ.
ಏಳನೆಯ ಸಲಕ್ಕೆ ನೇರ ಇಳಿಯಿತು.

ತೇಲಲಿಲ್ಲ.
ಏಪ್ರಿಲ್ಲಿನ ಹೊಳೆ, ಮೊಣಕಾಲಿಗೂ ಬಾರದ ನೀರು,
ಕಡಲಿನ ದೋಣಿ ಮರಳ ಮೇಲೆ ಕುಂಡೆಯೂರಿ ಕೂತಿತು.
ಹುಡುಗರು ಹತ್ತಿ ಹುಟ್ಟು ಹಾಕಿದರು, ಗಾಳಿಗೆ.
ನಗಲಿ. ಕಕ್ಕಡ ಬರಲಿ.

ಮತ್ತೆ ಶೆಡ್ಡಿಗೆ. ನೀರು ಕಂಡ ಬೇರಿಂಗಿಗೆ ಹೊಸ ಗ್ರೀಸು,
ಚೆಂಡಿಗೂ ಸವರಿ ಒಂದು ಕರಟ ಕವುಚಿದೆ.
ದುಡ್ಡು ಎಣಿಸುವಾಗ ಕಂಡಿತು: ಕ್ಯಾಲೆಂಡರಿಗಿಂತ ಮೇಲೆ
ಗೋಡೆಗುಂಟ ಕಂದು ಗೆರೆ, ಪಕ್ಕದಲ್ಲಿ ಪೆನ್ಸಿಲಿನ ತಾರೀಖು.
ಹಂಸಾಕನ ಕಣ್ಣು ಗೆರೆಯಿಂದ ನನ್ನ ಸೈಲೆನ್ಸರಿಗೆ ಇಳಿಯಿತು,
ಮತ್ತೆ ಗೆರೆಗೆ ಹತ್ತಿತು.
ಗಾಡಿ ರಾತ್ರಿ ಎಲ್ಲಿ ನಿಲ್ಲಿಸ್ತೀಯ?
ಮನೆ ಮುಂದೆ, ಅಂದೆ.
ಅಂದಮೇಲೆ ಕೇಳಿಸಿತು ನನಗೆ.

ಈಗ ದೋಣಿ ಕಟ್ಟಿದ ಪಿಕಪ್ಪು ಗುಡ್ಡದ ಮೇಲೆ, ದೇಚವ್ವನ ಕಣದಲ್ಲಿ,
ಒಂದು ಕೀಲಿ ಅವರ ದಿಂಬಿನಡಿ.
ಎಪ್ಪತ್ತೊಂದು ವಯಸ್ಸು. ದಿನಾ ಸಂಜೆ
ಮೆಣಸು ಹರವುವ ಜಾಗದಲ್ಲಿ ಹಿಂದಕ್ಕೆ ಬಿಡಲು ಕಲಿಯುತ್ತಿದ್ದಾರೆ,
ಕೈ ಸ್ಟೇರಿಂಗಿನ ತಳದಲ್ಲಿ.
ನಾವು ಮಲಗುವುದು ಕೆಳಗೆ, ಹೊಳೆಯ ಪಕ್ಕ.