ಎಂಟೂವರಿ ರೀಡಿಂಗ್

ಶಹಾಪುರದ ಗುಡ್ಡದಾಗ ಬುದ್ಧ ಇನ್ನಾ ಮಲಗೇ ಇರ್ತಾನ,
ನಾ ಹೊಲದ ನಡಕಿನ ಬಿಳಿ ಪೆಟಗಿ ಬಾಗಲ ತೆಗೀತೀನಿ.
ನಾಕು ಕಾಲು, ಮೈತುಂಬ ಓರೆ ಪಟ್ಟಿ:
ಗಾಳಿ ಹಾಯಬೇಕು, ಬಿಸಲು ಹಾಯಬಾರದು.
ಒಳಗ ಎರಡು ಗಾಜಿನ ಕೊಳವಿ, ಅಡ್ಡ ಮಲಗಿಸಿದ್ದು.
ಒಂದರಾಗ ಪಾರಾ. ಒಂದರಾಗ ಸ್ಪಿರಿಟು.

ಏಳನೆತ್ತೆ ಸಾಬಮ್ಮ ಬೇಲಿಗೆ ಗಲ್ಲ ಹಚ್ಚಿ ಕೇಳಿದಳು:
"ನೀರ್ಯಾಕ ಹಾಕಿಲ್ಲ ದೊಡ್ಡವ್ವ? ನೀರು ಪುಕ್ಕಟ ಅಲ್ಲ?"

ನಮ್ಮೂರಾಗ ನೀರು ಪುಕ್ಕಟ ಅಂತ ಯಾರಂದ್ರವ್ವ,
ಅದು ಬ್ಯಾರೆ ಮಾತು.
ನೀರಿಗೆ ನೆಂಟಸ್ತಿಕಿ ಭಾಳ.
ಗಾಜು ಕಂಡರ ಗಾಜಿಗೆ ಅಂಟತದ, ಗ್ವಾಡಿ ಹಿಡಕೊಂಡು ಏರತದ,
ಇಳಿಯಂದ್ರ ಹನಿ ಹನಿ ಹಿಂದ ಉಳೀತದ.
ಬಣ್ಣಿಲ್ಲ. ಲಗೂನ ಕಾಯಂಗಿಲ್ಲ,
ಒಲಿ ಮುಂದ ಕುಂತ ಯಾವ ಹೆಣಮಗಳಿಗಾದ್ರೂ ಕೇಳು.
ಅದಕ್ಕೂ ಹೆಚ್ಚಿಂದು,
ತಣ್ಣಗಾಗ್ತ ಆಗ್ತ ಕುಗ್ಗಿ ಬಂದಿದ್ದು
ನಾಕು ಡಿಗ್ರಿಗೆ ನಿಂತು ಹೊಳ್ಳಿ ಹಿಗ್ಗಲಕ ಶುರು ಮಾಡತದ.
ಕೋರ್ಟಿನಾಗ ತಿರುಗಿಬಿದ್ದ ಸಾಕ್ಷಿ, ಹಂಗ.
ಒಂದೇ ಗೆರಿ ತೋರಿಸಿ ಎರಡು ಮಾತು ಹೇಳತದ.

"ಇಲ್ಲಿ ನಾಕು ಡಿಗ್ರಿ ಯಾವಾಗ ಆಗತದ?" ಅಂದಳು.
ಎಂದೂ ಇಲ್ಲ.
ಆದರ ಸಾಕ್ಷಿ ಅಂದಮ್ಯಾಲ ಎಲ್ಲಾ ಊರಿಗೂ ಸಾಕ್ಷೀನೆ ಇರಬೇಕಲ್ಲ.

ಪಾರಾ ಹಂಗಲ್ಲ.
ಛಲೋ ನಾದಿದ ಜ್ವಾಳದ ಹಿಟ್ಟು ಕೊಣಮಗಿ ಬಿಡೂ ಹಂಗ
ಗಾಜು ಬಿಟ್ಟು ಬರತದ, ಗುರುತು ಇಟ್ಟು ಬರಂಗಿಲ್ಲ.
ಕಾದಷ್ಟು ಹಿಗ್ಗು, ಆರಿದಷ್ಟು ಕುಗ್ಗು.
ಮ್ಯಾಲಾಗಿ ಅದರ ಕೊಳವಿಗೆ ಕುತ್ತಗ್ಯಾಗ ಒಂದು ಇರುಕು:
ಮಧ್ಯಾನ್ನ ಏರಿದ್ದು ಸಂಜಿಗೆ ತಾನಾಗಿ ಇಳಿಯಂಗಿಲ್ಲ.
ಮೇ ತಿಂಗಳಾಗ ನಲವತ್ತನಾಕು ಪಾಯಿಂಟ್ ಎರಡು ಏರಿ,
ರಾತ್ರಿ ಊರೆಲ್ಲ ಮಾಳಿಗಿ ಮ್ಯಾಲ ಬೆವರು ಆರಿಸಿಕೊಂಡು ಮಲಗಿದ್ರೂ
ಇದು ನಿನ್ನಿ ಸಿಟ್ಟು ಹಿಡಕೊಂಡೇ ಇರತದ.
ಎಂಟೂವರಿಗೆ ನಾ ಬಂದು, ಬರಕೊಂಡು,
ಕೈಯಾಗ ಹಿಡದು ಜಾಡಿಸಬೇಕು.

ಸ್ಪಿರಿಟಿಂದು ತಣ್ಣಗಿನ ಕೆಲಸ.
ಪಾರಾ ಗಡ್ಡಿಗಟ್ಟೂ ಚಳ್ಯಾಗೂ ಇದು ಹರಕೋತ ಇರತದಂತ.
ಅಂಥ ಚಳಿ ನಾ ಕಂಡಿಲ್ಲ, ಮೌಲಾಲಿನೂ ಕಂಡಿರಲಿಲ್ಲ.
ನನಗಿಂತ ಮೊದಲು ಈ ಪೆಟಗಿ ನೋಡಕೋತಿದ್ದ ಮೌಲಾಲಿ
ಕೀಲಿಕೈ ಕೊಡೂ ದಿನ ನಕ್ಕು ಹೇಳಿದ್ದ:
"ಈ ತಾಲೂಕಿನಾಗ ಹೊಟ್ಟ್ಯಾಗ ಸರಾಯಿ ಇಟಗೊಂಡು
ಖರೇ ಹೇಳಾಂವ ಇಂವ ಒಬ್ಬನ."

ಅದರೊಳಗೊಂದು ಕರೀ ಕಡ್ಡಿ, ಗುಂಡುಸೂಜಿಯಷ್ಟು.
ಚಳಿಗೆ ಹಿಂದ ಸರಿಯೂವಾಗ ಸ್ಪಿರಿಟು ಅದನ್ನ ಎಳಕೊಂಡು ಹೋಗತದ,
ಬಿಸಲಿಗೆ ಮುಂದ ಬರೂವಾಗ ಅಲ್ಲೇ ಬಿಟ್ಟು ಬರತದ.
ಹೊತ್ತು ಮೂಡೂಕಿಂತ ಮೊದಲಿನ ಆ ಗಳಗಿ,
ಬಾಣಂತಿ ಸೈತ ಕಣ್ಣು ಮುಚ್ಚಿದ ಗಳಗಿ,
ಎಷ್ಟು ತಣ್ಣಗಿತ್ತು ಅಂತ ಕಡ್ಡಿಗೊಂದೇ ಗೊತ್ತು.

ಹೋದ ವಾರ ಕಂಬ ನೆಟ್ಟರು. ಸೋಲಾರ್ ಹಲಗಿ, ಮಿಣಮಿಣ ದೀಪ,
ತಾನೇ ಅಳೀತದ, ತಾನೇ ಕಳಿಸ್ತದ.
ಪಾರಾ ವಿಷ, ಒಡೀಲಾರದಂಗ ಕಟ್ಟಿ ವಾಪಸ್ ಕಳಸ್ರಿ ಅಂತ ಕಾಗದ.
ವಿಷ ಖರೇನೇ. ಒಮ್ಮಿ ಒಡದಾಗ ನೋಡೀನಿ:
ಪರಸಿಗಲ್ಲಿನ ಸಂದ್ಯಾಗ ಗುಂಡು ಗುಂಡು ಉಳ್ಳಾಡಿ,
ಕಲ್ಲಿಗೆ ಅಂಟಲಿಲ್ಲ, ಮಣ್ಣಿಗೆ ಅಂಟಲಿಲ್ಲ,
ತನ್ನಂಥದೊಂದು ಎದುರು ಬಂದಾಗ ಮಾತ್ರ
ಸಪ್ಪಳಿಲ್ಲದಂಗ ಒಂದಾತು.

ಇವತ್ತ ಭತ್ತದ ಹೊಟ್ಟಿನಾಗ ಇಟ್ಟು ಕಟ್ಟಲಕತ್ತೀನಿ.
ಸಾಬಮ್ಮ ಹಗ್ಗ ಹಿಡದಾಳ.
ಗಂಟು ಬಿಗಿದ ಮ್ಯಾಲ ನೆಪ್ಪಾತು, ಜಾಡಿಸೂದು ಮರತೀನಿ.
ನಿನ್ನಿ ಮಧ್ಯಾನ್ನ ಹಂಗೇ ಒಳಗ ಕುಂತದ,
ನಲವತ್ತೊಂದು ಪಾಯಿಂಟ್ ಆರು.
"ಬಿಚ್ಚಮೇನು?" ಅಂದಳು.
ಬ್ಯಾಡ ಅಂದೆ. ಹೋಗಲಿ.
ತೆಗದವರಿಗೆ ಒಮ್ಮಿ ಇಲ್ಲಿ ಬಿಸಲು ತಿಳೀಲಿ.