ಲಾಭ, ಎರಡು, ಮೂರು

ವಾಲರೂ ಬಂದರಿನ ಗೋಧಿ ಕಣಜದಲ್ಲಿ
ಲಾರಿ ತೂಗುವ ಯಂತ್ರ ನನ್ನ ಪಾಲಿನದು.
ಸುಗ್ಗಿ ಶುರುವಾದಾಗಿನಿಂದ ಅದಕ್ಕೊಂದು ಹುಚ್ಚು:
ಖಾಲಿ ಹಾಸಿನ ಮೇಲೆ ಇಪ್ಪತ್ತು ಕಿಲೋ,
ಮರುಗಳಿಗೆ ಸೊನ್ನೆ, ಮತ್ತೆ ಇಪ್ಪತ್ತು.
ದೆವ್ವ ಹತ್ತಿ ಇಳಿಯುತ್ತಿದೆ ಎಂದ ಫೋರ್‌ಮನ್.
ಸೊರಗಿದ ದೆವ್ವ, ಎಂದೆ.

ಮೂಂಟಾದಲ್ಲಿ ಟ್ರೆವಾರ್ಥಾ ಇದ್ದಾರೆ, ಹೋಗಿ ನೋಡು ಅಂದರು.
ಮುತ್ತಜ್ಜ ಕಾರ್ನ್‌ವಾಲಿನಿಂದ ಹಡಗು ಹತ್ತಿ
ಇಲ್ಲಿ ತಾಮ್ರ ಅಗೆದವನಂತೆ.
ಈತ ಬೆಸುಗೆ ಹಾಕಿದವರು, ಐವತ್ತು ವರ್ಷ.
"ನಮ್ಮ ಮನೆತನವನ್ನು ತಾಮ್ರ ಬಿಡಲೊಲ್ಲದು."

ತಗಡಿನ ಶೆಡ್ಡು, ಹೊರಗೆ ನಲವತ್ತೆರಡು ಡಿಗ್ರಿ.
ಒಳಗೆ ವಾಲ್ವಿನ ಹಳೆಯ ಆಸಿಲೋಸ್ಕೋಪು
ತನ್ನದನ್ನೂ ಕೂಡಿಸುತ್ತಿತ್ತು.
"ಕಾಯಿ. ಬಿಸಿಯಾಗುವ ತನಕ
ಅದು ಹೇಳುವುದೆಲ್ಲ ನಿದ್ದೆಗಣ್ಣಿನ ಮಾತು."

ಆಮೇಲೆ, ಗೊತ್ತಿಲ್ಲದ್ದನ್ನು ಅಳೆಯುವ ಮೊದಲು
ಗೊತ್ತಿದ್ದದ್ದನ್ನು ಅಳೆಯಬೇಕೆಂದು
ಪ್ರೋಬಿನ ಮೂತಿಯನ್ನು ಸ್ಕೋಪಿನದೇ ಕೊಂಡಿಗೆ ಸಿಕ್ಕಿಸಿದರು.
ಚೌಕದ ಅಲೆ ಬರಬೇಕು. ಬಂತು,
ಬಳಸಿ ಸವೆದ ಸಾಬೂನಿನಂತೆ ಮೂಲೆ ಕಳೆದುಕೊಂಡು.
ಪ್ಲಾಸ್ಟಿಕ್ ತಿರುಪುಳಿ ನನ್ನ ಕೈಗೆ ಕೊಟ್ಟರು.
ತಾವೇ ಏಕೆ ತಿರುಗಿಸಲಿಲ್ಲ, ಆಗ ಕೇಳಲಿಲ್ಲ.
ಕೂದಲೆಳೆಯಷ್ಟು ತಿರುಗಿಸಿದೆ: ಮೂಲೆಗೆ ಕೊಂಬು ಮೂಡಿತು.
ಅರ್ಧ ಎಳೆ ಹಿಂದಕ್ಕೆ:
ಸ್ಲೇಟಿನ ಮೇಲೆ ಅಡಿಪಟ್ಟಿ ಹಿಡಿದು ಗೀರಿದ ಹಾಗೆ ಚೌಕ.

"ಈಗ ಬೆರಳಿಡು."
ಮೂತಿ ಮುಟ್ಟಿದೆ. ಪರದೆಯಲ್ಲಿ ಗುಡ್ಡ, ಕಣಿವೆ, ಗುಡ್ಡ,
ಊರ ಗೋಡೆಗಳೊಳಗಿನ ಕರೆಂಟು ನನ್ನ ಮೈಯೇರಿ ಬಂದದ್ದು.
ಗುಡ್ಡದಿಂದ ಗುಡ್ಡಕ್ಕೆ ಮನೆ ಎಣಿಸಿದೆ:
ಲಾಭ, ಎರಡು, ಮೂರು, ನಾಲ್ಕು,
ಮನೆಗೆ ಐದು ಮಿಲಿಸೆಕೆಂಡು, ಒಟ್ಟು ಇಪ್ಪತ್ತು.
ಅದೇನು ಮೊದಲನೆಯದು ಎಂದರು.
ನಮ್ಮಲ್ಲಿ ಕಾಳು ಅಳೆಯುವಾಗ ಮೊದಲ ಕೊಳಗಕ್ಕೆ
ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತೇವೆ, ಅಂದರೆ, ಗೇನ್.
ಅವರು ಸ್ಕೋಪಿನ ಗೇನ್ ಗುಂಡಿಯನ್ನೊಮ್ಮೆ
ನನ್ನನ್ನೊಮ್ಮೆ ನೋಡಿ ಮೀಸೆಯಲ್ಲೇ ನಕ್ಕರು.

ಸ್ಕೋಪನ್ನು ಎರವಲು ಒಯ್ದೆ. ಮೂರು ದಿನ
ತೂಕದ ತಂತಿಯಲ್ಲಿ ಮುಳ್ಳುಗಳ ಬೇಟೆ.
ಪೆಟ್ಟಿಗೆ ಬಿಚ್ಚಿದೆ, ಪ್ಲಗ್ಗು ಉಜ್ಜಿದೆ, ಇರುವೆಗಳನ್ನು ಬೈದೆ.
ನಾಲ್ಕನೆಯ ದಿನ ಅವರೇ ಬಂದು
ನನ್ನ ಪ್ರೋಬಿನ ನೆಲದ ತಂತಿ ಎತ್ತಿ ತೋರಿಸಿದರು, ಗೇಣುದ್ದ:
"ಈ ಕುಣಿಕೆಗೆ ಊರ ಮಾತೆಲ್ಲ ಬೀಳುತ್ತದೆ."
ಪೆನ್ನಿನ ಸ್ಪ್ರಿಂಗು ಕಿತ್ತು ಮೂತಿಗೇ ಸುತ್ತಿಸಿದರು.
ಮುಳ್ಳುಗಳು ಹೋದವು.
ಮೂರು ದಿನ ಅಟ್ಟಿದ್ದು ನನ್ನದೇ ದಾರದ ಗದ್ದಲ.

ಉಳಿದದ್ದು ಒಂದು ಸಣ್ಣ ತಗ್ಗು,
ಕಾಳು ಸಾಗಿಸುವ ಪಟ್ಟಿಯ ಮೋಟಾರು ಶುರುವಾದಾಗೆಲ್ಲ.
ಕೇಬಲ್ಲಿನ ಕವಚ ಎರಡೂ ತುದಿಯಲ್ಲಿ ನೆಲ ಕಚ್ಚಿತ್ತು.
ಒಂದು ತುದಿ ಬಿಚ್ಚಿದೆ.
ದೆವ್ವ ಇಳಿದು ಹೋಯಿತು, ಫೋರ್‌ಮನ್‌ಗೆ ತುಸು ಬೇಸರ.

ಸ್ಕೋಪು ಮರಳಿಸಲು ಹೋದ ಸಂಜೆ
ಮುರಿದ ಬಜರಿನಿಂದ ಕಿತ್ತ ಹಿತ್ತಾಳೆ ಬಿಲ್ಲೆ ಕೊಟ್ಟು
"ಇದನ್ನು ಮಣಿಕಟ್ಟಿಗೆ ಅಂಟಿಸು, ನನ್ನಿಂದಾಗದು" ಎಂದರು.
ಬಲಗೈ ತೊಡೆಯ ಮೇಲೆ ಸುಮ್ಮನಿತ್ತು, ಅಂದರೆ, ನಡುಗುತ್ತಿತ್ತು.
ವೇಗ ತಗ್ಗಿಸಿದೆ. ಗೆರೆ ಹೋಗಿ ಚುಕ್ಕೆ ಉಳಿಯಿತು,
ನಡೆಯುತ್ತ ಹತ್ತಿ ಇಳಿದು ಹತ್ತಿ ಇಳಿದು,
ಹಿಂದಿನ ಹೆಜ್ಜೆ ಅಳಿಸಿಕೊಳ್ಳುತ್ತ.
ಮನೆಗೊಂದು ನಡುಕ, ಸೆಕೆಂಡಿಗೆ ಐದು.

ಬೆಂಚಿನ ಹಿಂದಿನ ಹಲಗೆಯಲ್ಲಿ ಪೆನ್ಸಿಲ್ಲಿನ ಸಾಲು:
ತಿಂಗಳು, ಎತ್ತರ. ತಿಂಗಳು, ಎತ್ತರ.
ಕೆಳಕ್ಕೆ ಬಂದಂತೆ ಅಂಕಿಗಳೇ ಅಲುಗಿದ್ದವು.

ನನ್ನ ಕೈ ಟ್ರಿಗರ್ ಗುಂಡಿಗೆ ಹೋಯಿತು, ಅಭ್ಯಾಸಕ್ಕೆ.
"ಬಿಡು. ಇಷ್ಟು ನಿಧಾನದ್ದು ನಿಲ್ಲಿಸಿದರೂ ನಿಲ್ಲದು,
ಕಣ್ಣಲ್ಲೇ ಎಣಿಸಬೇಕು."
ಪೆನ್ಸಿಲ್ಲು ನನ್ನ ಕಡೆ ಉರುಳಿಸಿ
ಎತ್ತರದ ಮನೆಗಳನ್ನು ತಾವೇ ಎಣಿಸತೊಡಗಿದರು,
ಭಕಾರ ಬಾರದ ಬಾಯಲ್ಲಿ:
ಲಾಬ, ಟೂ, ತ್ರೀ